ಸೊಂಟದ ಹಿಂದೆ ಉಳಿದ 2 ಇಂಚು

ಬಳ್ಳಾರಿಯ ಒಂದು ಜೀನ್ಸ್ ಯೂನಿಟ್‌ನಲ್ಲಿ 9 ವರ್ಷ ಯೋಕ್ ಹೊಲಿದೆ. ಯೋಕ್ ಅಂದರೆ ಪ್ಯಾಂಟಿನ ಹಿಂದೆ, ಸೊಂಟದ ಪಟ್ಟಿಯ ಕೆಳಗೆ ಬರುವ ಓರೆ ತುಂಡು. ಬಂಡಲ್ ಬಿಚ್ಚು, ಎಡ ಬಲ ಜೋಡಿಸು, ಹೊಲಿ, ಮುಂದಿನವರಿಗೆ ಕೊಡು. ಆ ತುಂಡು ಅಲ್ಲಿ ಯಾಕಿದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲ. ಗೊತ್ತಾಗಿದ್ದು ನನಗಾಗಿ ಮೊದಲ ಜೀನ್ಸ್ ಹೊಲಿದಾಗ.

ನನ್ನ ಸೀಟು, ಅಂದರೆ ಕೂರುವ ಭಾಗದ ಸುತ್ತಳತೆ, 40 ಇಂಚು, ಸೊಂಟ 30. ರೆಡಿಮೇಡ್ ಪ್ಯಾಂಟ್ ಸೀಟಿಗೆ ಸರಿಹೋದರೆ ಸೊಂಟಕ್ಕೆ ದೊಗಳೆ. ಬಗ್ಗಿದರೆ ಹಿಂದೆ ಬಾಯಿ ಬಿಡುತ್ತದೆ. ತುಂಬಾ ಹೆಣ್ಣುಮಕ್ಕಳಿಗೆ ಇದೇ ಕಷ್ಟ ಅಲ್ವಾ? ನಾನು ಹೊಲಿದದ್ದೂ ಹಾಗೇ ಬಂತು. ಎರಡೂ ಸೈಡ್‌ನಲ್ಲಿ ಒಂದೊಂದು ಇಂಚು ಹಿಡಿದೆ. ಮುಂದಿನ ಜೇಬಿನ ಬಾಯಿ ಚಿಕ್ಕದಾಗಿ ಕೈಯೇ ಹೋಗಲಿಲ್ಲ. ಸೀಟಿನ ಪಕ್ಕ ಉಬ್ಬಿತು. ಹಿಂದಿನ ಬಾಯಿ ಮಾತ್ರ ಹಾಗೇ ಇತ್ತು.

ಮರುದಿನ ನಮ್ಮ ಕಟಿಂಗ್ ಮಾಸ್ಟರ್‌ಗೆ ತೋರಿಸಿದೆ. "ಸೈಡ್ ಯಾಕ್ ಹಿಡದಿ ಅಮ್ಮಾ? ಖಾಲಿ ಇರೋದು ಬೆನ್ನಾಗಲ್ಲೇನು? ಯೋಕ್ ಬಿಚ್ಚು" ಅಂದರು.

ಆಗ ಅರ್ಥವಾಯಿತು. ಬ್ಲೌಸಿಗೆ ಟಕ್ಸ್ ಹಿಡಿದು ಮೈಯ ತಿರುವು ತರುತ್ತೇವಲ್ಲ, ಜೀನ್ಸ್‌ನಲ್ಲಿ ಆ ಕೆಲಸ ಯೋಕ್‌ದು. ಟಕ್ಸ್ ಆ ಓರೆ ಹೊಲಿಗೆಯೊಳಗೇ ಅಡಗಿದೆ. ಮನೆಗೆ ಬಂದು ಯೋಕ್‌ನ ಕಾಗದ, ಅಂದರೆ ಬಟ್ಟೆ ಕತ್ತರಿಸಲು ಇಡುವ ಅಳತೆಯ ಪ್ಯಾಟರ್ನ್, ಹರಡಿದೆ. ಮಧ್ಯದಲ್ಲಿ ಮೇಲಿನ ಅಂಚಿನಿಂದ ಕೆಳಗಿನ ಅಂಚಿನ ತನಕ ಕತ್ತರಿಸಿ, ಮೇಲೆ ಅರ್ಧ ಇಂಚು ಒಂದರ ಮೇಲೊಂದು ತಂದು, ಕೆಳಗೆ ಸೊನ್ನೆ ಮಾಡಿ ಅಂಟಿಸಿದೆ. ಬೆನ್ನಿನ ನಡು ಹೊಲಿಗೆಯ ಕಡೆಯೂ ಮೇಲೆ ಅರ್ಧ ಇಂಚು ತೆಗೆದು ಕೆಳಗೆ ಸೊನ್ನೆಗೆ ತಂದೆ. ಒಂದು ಬದಿಗೆ 1 ಇಂಚು, ಎರಡೂ ಸೇರಿ 2. ಅಷ್ಟನ್ನೂ ನಡು ಹೊಲಿಗೆಯಲ್ಲೇ ಹಿಡಿದರೆ ಹಿಂದೆ ಚೂಪಾಗಿ ಏಳುತ್ತದೆ, ಅದಕ್ಕೇ ಹಂಚಿದ್ದು. ಹೀಗೆ ಮಾಡಿದ ಮೇಲೆ ಯೋಕ್‌ನ ಮೇಲಂಚು ಬಾಗುತ್ತದೆ. ಸೊಂಟದ ಪಟ್ಟಿಯನ್ನೂ ಅದೇ ಬಾಗಿಗೆ ಕತ್ತರಿಸಿ. ನೇರ ಪಟ್ಟಿ ಹಾಕಿದರೆ ಬಾಯಿ ಮತ್ತೆ ಬಿಡುತ್ತದೆ.

ಯೂನಿಟ್‌ನ ಅಭ್ಯಾಸ ಮನೆಯಲ್ಲಿ ತಿರುವು ಮುರುವು ಮಾಡಬೇಕು. ಅಲ್ಲಿ ಮೊದಲು ಹೊಲಿಗೆ, ಆಮೇಲೆ ವಾಷಿಂಗ್. ಕುಗ್ಗುವುದನ್ನು ಲೆಕ್ಕ ಹಾಕಿ ಪ್ಯಾಟರ್ನನ್ನೇ ದೊಡ್ಡದು ಮಾಡಿರುತ್ತಾರೆ. ನಮಗೆ ಆ ಲೆಕ್ಕ ಬೇಡ, ಬಟ್ಟೆಯನ್ನೇ ಮೊದಲು ಒಗೆದು ಒಣಗಿಸಿ. ನೂರಕ್ಕೆ 3 ಕುಗ್ಗಿದರೂ 28 ಇಂಚಿನ ಒಳಗಾಲಿನಲ್ಲಿ ಸುಮಾರು ಮುಕ್ಕಾಲು ಇಂಚು ಹೋಗುತ್ತದೆ.

ಇನ್ನೊಂದು, ಎರಡು ಸಾಲಿನ ಮಡಚು ಹೊಲಿಗೆಗೆ ಅವಸರ ಬೇಡ. ಅದನ್ನು ಬಿಚ್ಚುವುದು ಕೈ ನೋಯುವ ಕೆಲಸ. ಮೊದಲು ಮಷಿನ್‌ನ ಅತಿ ಉದ್ದದ ಟಾಕಿನಲ್ಲಿ ಕಚ್ಚಾ ಹೊಲಿದು ಹಾಕಿಕೊಳ್ಳಿ. ನಿಂತು ನೋಡಿದರೆ ಸಾಲದು, ತಗ್ಗಿನ ಸ್ಟೂಲ್ ಮೇಲೆ 10 ನಿಮಿಷ ಕೂತುಕೊಳ್ಳಿ. ನನ್ನದು ಕೂತಾಗ ಹಿಂದಿನಿಂದ 1 ಇಂಚು ಕೆಳಗೆ ಜಾರಿತು. ಹಿಂದಿನ ಎತ್ತರ ಸಾಲುತ್ತಿರಲಿಲ್ಲ. ಆವತ್ತಿನಿಂದ ಕಟಿಂಗ್‌ನಲ್ಲೇ ಹಿಂದುಗಡೆ ಮೇಲೆ 1 ಇಂಚು ಜಾಸ್ತಿ ಬಿಡುತ್ತೇನೆ.

12 ಔನ್ಸ್ (ಒಂದು ಚದರ ಗಜದ ತೂಕ) ಬಟ್ಟೆಗೆ 16ನೇ ನಂಬರ್ ಸೂಜಿ ಸಾಕು, ಹೊರಗೆ ಕಾಣುವ ಹೊಲಿಗೆಯ ದಪ್ಪ ಟಾಪ್‌ಸ್ಟಿಚ್ ದಾರಕ್ಕೆ 18. ನಾಲ್ಕು ಪದರ ಸೇರುವ ಜಾಯಿಂಟ್ ಮೇಲೆ ಸುತ್ತಿಗೆಯಿಂದ ತಟ್ಟಿ, ಆಮೇಲೆ ಚಕ್ರವನ್ನು ಕೈಯಲ್ಲೇ ತಿರುಗಿಸಿ ದಾಟಿಸಿ.

ಜೇಬಿನ ಮೂಲೆಗೆ ಹೊಡೆಯುವ ಲೋಹದ ಮೊಳೆ, ರಿವಿಟ್, ಕೊನೆಗೆ. 1873ರ ಮೇ 20ರಂದು ಬಟ್ಟೆ ವ್ಯಾಪಾರಿ ಲೀವೈ ಸ್ಟ್ರಾಸ್ ಜೊತೆ ಪ್ಯಾಂಟಿಗೆ ರಿವಿಟ್ ಹೊಡೆಯುವುದಕ್ಕೆ ಪೇಟೆಂಟ್ ಪಡೆದ ಜೇಕಬ್ ಡೇವಿಸ್, ಅಮೆರಿಕದ ರೀನೋ ಊರಿನ ದರ್ಜಿ. ಪ್ಯಾಂಟು ಜೇಬಿನ ಮೂಲೆಯಲ್ಲಿ ಹರಿಯುತ್ತಿತ್ತು, ಅವರು ಆ ಮೂಲೆಗೇ ರಿವಿಟ್ ಹೊಡೆದರು. ಅವರೂ ನಮ್ಮ ಕೆಲಸದವರೇ ಅಂತ ತಿಳಿದಾಗ ನನಗೆ ತುಂಬಾ ಖುಷಿಯಾಗಿತ್ತು.

ಈಗ ತಂಗಿಯ ಜೀನ್ಸ್ ಹಿಡಿದಿದ್ದೇನೆ. ಅವಳ ಸೊಂಟ ನನ್ನಷ್ಟೇ, ಸೀಟು ಮಾತ್ರ ಚಪ್ಪಟೆ. ನನ್ನ ಯೋಕ್ ಕಾಗದ ಅವಳಿಗೆ ಆಗಲ್ಲ. ಬಟ್ಟೆ ಒಗೆದು ಹಗ್ಗಕ್ಕೆ ಹಾಕಿದ್ದೇನೆ, ಸಂಜೆ ಹೊಸ ಕಾಗದ ಕತ್ತರಿಸಬೇಕು.