ತಾನಾಗಿ ನುಡಿಯುವ ವಾದ್ಯಗಳನ್ನು ಕೇಳಲು ಉಟ್ರೆಕ್ಟ್‌ಗೆ ಹೋಗುವವರಿಗೆ

ನೆದರ್ಲೆಂಡ್ಸ್‌ಗೆ ಹೋಗುವವರು ಸಂಗೀತ, ಯಂತ್ರ ಎರಡರಲ್ಲಿ ಯಾವುದನ್ನು ಪ್ರೀತಿಸಿದರೂ ಉಟ್ರೆಕ್ಟ್‌ಗೆ ಒಂದು ದಿನ ಇಡಿ. ಆಮ್‌ಸ್ಟರ್‌ಡ್ಯಾಮ್‌ನಿಂದ ರೈಲಿನಲ್ಲಿ ಸುಮಾರು ಅರ್ಧ ಗಂಟೆ. ನಿಲ್ದಾಣದಿಂದ ಸ್ವಲ್ಪ ದೂರ ನಡೆದರೆ ಬ್ಯೂರ್‌ಕೆರ್ಕ್ ಎಂಬ ಹಳೆಯ ಚರ್ಚು ಸಿಗುತ್ತದೆ. ತಾನಾಗಿ ನುಡಿಯುವ ವಾದ್ಯಗಳ ಸ್ಪೇಲ್‌ಕ್ಲಾಕ್ ಮ್ಯೂಸಿಯಂ 1984ರಿಂದ ಇರುವುದು ಅದರೊಳಗೇ. ಸೋಮವಾರ ಸಾಮಾನ್ಯವಾಗಿ ರಜೆ.

ಟಿಕೆಟ್ ಕೈಗೆ ಬಂದ ಕೂಡಲೇ ಮುಂದಿನ ಗೈಡ್ ಟೂರ್ ಎಷ್ಟು ಹೊತ್ತಿಗೆ ಅಂತ ಕೇಳಿ. ಅದನ್ನು ಬಿಟ್ಟು ಸುಮ್ನೆ ಸುತ್ತಾಡಿದರೆ ಚೆಂದದ ಪೆಟ್ಟಿಗೆಗಳನ್ನು ನೋಡಿದ್ದಷ್ಟೇ ಆಗುತ್ತದೆ. ದೊಡ್ಡ ವಾದ್ಯಗಳನ್ನು ನುಡಿಸಿ ತೋರಿಸುವುದು ಗೈಡ್‌ಗಳೇ.

ಕೇಳುವಾಗ ಒಂದೇ ಪ್ರಶ್ನೆ ಮನಸ್ಸಿನಲ್ಲಿರಲಿ: ಈ ಹಾಡು ಎಲ್ಲಿ ಅಡಗಿದೆ? ಹಳೆಯ ಸಂಗೀತ ಗಡಿಯಾರಗಳಲ್ಲಿ ಅದು ಉರುಳೆಯ ಮೇಲಿನ ಮೊಳೆಗಳಲ್ಲಿದೆ. ಸಾಮಾನ್ಯವಾಗಿ ಉರುಳೆ ಒಂದು ಸುತ್ತು ಬಂದರೆ ಹಾಡೂ ಮುಗಿಯಿತು. ಬೀದಿಯಲ್ಲಿ ನಿಲ್ಲಿಸಿ ಗಾಳಿಯಿಂದ ಕೊಳವೆಗಳನ್ನು ನುಡಿಸುವ ಬೀದಿ ಆರ್ಗನ್‌ಗಳಿಗೆ ಬನ್ನಿ, ಅಲ್ಲಿ ತೂತು ಕೊರೆದ, ಮಡಚಿಟ್ಟ ರಟ್ಟಿನ ಪುಸ್ತಕ. ಪ್ಯಾರಿಸ್‌ನ ಗಾವಿಯೋಲಿ ಕಂಪನಿ 1892ರಲ್ಲಿ ಇದಕ್ಕೆ ಪೇಟೆಂಟ್ ಪಡೆಯಿತು. ಹಾಡು ಎಷ್ಟು ಉದ್ದವಾದರೂ ಸರಿ, ರಟ್ಟು ಸೇರಿಸುತ್ತಾ ಹೋಗಬಹುದು. ಜನ ಹೊಸ ಹಾಡು ಕೇಳಿದರೆ ಹೊಸ ಪುಸ್ತಕ ಕೊರೆದರಾಯಿತು. ಬೀದಿ ಆರ್ಗನ್ ಇಷ್ಟು ಕಾಲ ಬಾಳಿದ್ದು ಇದರಿಂದಲೇ ಅಂತ ನನ್ನ ನಂಬಿಕೆ. ಜರ್ಮನಿಯ ವಾಲ್ಡ್‌ಕಿರ್ಶ್‌ನಲ್ಲಿ ಕಸುಬು ಕಲಿತ ಕಾರ್ಲ್ ಫ್ರೈ 1920ರಲ್ಲಿ ಡಚ್ ಊರಾದ ಬ್ರೆಡಾದಲ್ಲಿ ನೆಲೆಸಿ ಕೆಲಸ ಶುರು ಮಾಡಿದ. ಇವತ್ತು ಡಚ್ ಆರ್ಗನ್ ಅಂದರೆ ನಮ್ಮ ಕಿವಿಗೆ ಬರುವ ದನಿಯಲ್ಲಿ ಅವನ ಪಾಲು ಜಾಸ್ತಿ. ಆರ್ಗನ್‌ನ ಮುಂಭಾಗದ ಗೊಂಬೆಗಳನ್ನು ನೋಡಿದ ಮೇಲೆ, ಬಿಟ್ಟರೆ ಹಿಂಬದಿಗೂ ಹೋಗಿ ನೋಡಿ. ರಟ್ಟು ಒಳಗೆ ಸರಿಯುವುದು ಅಲ್ಲೇ ಕಾಣುವುದು.

ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಲೈಪ್‌ಜಿಗ್‌ನ ಹುಪ್‌ಫೆಲ್ಡ್ ಕಂಪನಿಯ ಫೋನೊಲಿಸ್ಟ್ ವಯೊಲಿನಾ. ಪಿಯಾನೊ ಮೇಲಿನ ಕಪಾಟಿನಲ್ಲಿ ಮೂರು ನಿಜವಾದ ಪಿಟೀಲುಗಳು. ಅವುಗಳ ಸುತ್ತ ಕುದುರೆ ಕೂದಲಿನ ದುಂಡನೆಯ ಕಮಾನು ತಿರುಗುತ್ತಲೇ ಇರುತ್ತದೆ. ಪ್ರತಿ ಪಿಟೀಲಿನಲ್ಲಿ ನುಡಿಯುವುದು ಒಂದೇ ತಂತಿ. ನುಡಿಯುವ ಸರದಿ ಬಂದ ಪಿಟೀಲು ಕಮಾನಿನತ್ತ ವಾಲುತ್ತದೆ, ಪುಟ್ಟ ಬೆರಳುಗಳು ತಂತಿ ಒತ್ತುತ್ತವೆ. ಇಷ್ಟನ್ನೂ ಆಡಿಸುವುದು ಕಾಗದದ ಸುರುಳಿಯ ತೂತುಗಳು ಮತ್ತು ಗಾಳಿಯ ಒತ್ತಡ. ಟೂರ್‌ನಲ್ಲಿ ಇದರ ಸರದಿ ಬಂದಾಗ ಮುಂದೆ ನಿಲ್ಲಿ.

ಹೊರಗೆ ಬಂದರೆ 112 ಮೀಟರ್ ಎತ್ತರದ ಡೋಮ್ ಗೋಪುರ ಹತ್ತಿರವೇ. ಹೆಮೊನಿ ಸಹೋದರರು 17ನೇ ಶತಮಾನದಲ್ಲಿ ಎರಕ ಹೊಯ್ದ ಗಂಟೆಗಳು ಅಲ್ಲಿವೆ. ಅಲ್ಲೂ ಮೊಳೆ ಹೊಡೆದ ದೊಡ್ಡ ಉರುಳೆಯೇ ಗಂಟೆಗಳನ್ನು ನುಡಿಸುತ್ತದೆ. ಹತ್ತುವುದಾದರೆ 465 ಮೆಟ್ಟಿಲು. ಮೊದಲೇ ಬುಕ್ ಮಾಡಿ.

ಅಲ್ಲಿಂದ ಸ್ವಿಟ್ಜರ್ಲೆಂಡ್‌ಗೂ ಹೋಗುವವರು ನ್ಯೂಶಾಟೆಲ್‌ನ ಕಲೆ ಮತ್ತು ಇತಿಹಾಸ ಮ್ಯೂಸಿಯಂ ಸೇರಿಸಿಕೊಳ್ಳಿ. ಗಡಿಯಾರ ತಯಾರಕ ಪಿಯೇರ್ ಜಾಕೆ ದ್ರೋ, ಅವನ ಮಗ ಮತ್ತು ಜೊತೆಗಾರ ಲೆಶೊ ಸೇರಿ ಮಾಡಿ 1774ರಲ್ಲಿ ಜನರಿಗೆ ತೋರಿಸಿದ ವಾದಕಿ ಗೊಂಬೆ ಅಲ್ಲಿದ್ದಾಳೆ. ಅವಳು ತನ್ನ ಬೆರಳಿನಿಂದಲೇ ಆರ್ಗನ್‌ನ ಕೀಲಿಗಳನ್ನು ಒತ್ತುತ್ತಾಳೆ, ಉಸಿರಾಡುವಂತೆ ಎದೆ ಏರಿಳಿಯುತ್ತದೆ. ಆದರೆ ಅವಳನ್ನು ನುಡಿಸಿ ತೋರಿಸುವುದು ಸಾಮಾನ್ಯವಾಗಿ ತಿಂಗಳ ಮೊದಲ ಭಾನುವಾರ. ಹಾಗಾಗಿ ಆ ಭಾನುವಾರವನ್ನು ಮೊದಲು ಗಟ್ಟಿ ಮಾಡಿಕೊಂಡು, ಆಮೇಲೆ ವಿಮಾನದ ಟಿಕೆಟ್ ತೆಗೆಯಿರಿ.