ಕುಂತು ಮಾಡೋ ಅಡಿಗಿಮನಿ

ಹೋದ ತಿಂಗಳು ಯಲಬುರ್ಗಾ ಕಡಿಗಿನ ನಮ್ಮೂರಿಗೆ ಹೋಗಿದ್ವಿ, ನನ್ನ ಮಗಳು ಹಳೇ ಮನಿ ಅಡಿಗಿಮನಿಯೊಳಗ ಕಾಲಿಟ್ಟಾಕಿನೇ "ಪಪ್ಪಾ, ಇಲ್ಲಿ ಎಲ್ಲಾ ಯಾಕ ಇಷ್ಟು ಕೆಳಗ ಐತಿ?" ಅಂದ್ಲು. ಆ ಮನ್ಯಾಗ ಹುಟ್ಟಿ ಬೆಳದಾಂವ ನಾನು, ನನಗ ಈ ಪ್ರಶ್ನಿ ಒಂದಿನಾನೂ ಬಂದಿರಲಿಲ್ಲ ನೋಡ್ರಿ. ಹೌದಲ್ಲ, ಒಲಿ ನೆಲದ ಮ್ಯಾಲೆ, ಉಪ್ಪಿನ ಗಡಿಗಿ ನೆಲದ ಮ್ಯಾಲೆ, ಖಾರ ಅರಿಶಿಣ ಇಡೋ ಗ್ವಾಡಿ ಗೂಡು ನನ್ನ ಮಂಡಿ ಮಟ್ಟಕ್ಕ, ಕಿಟಕಿ ಸುದ್ದಾ ನಿಂತ್ರ ಹೊಟ್ಟಿಗೆ ಬರತೈತಿ.

ಕುಂದ್ರೋ ಮಣಿ ಕೊಟ್ಟು "ಇದರ ಮ್ಯಾಲೆ ಕುಂತು ನೋಡು" ಅಂದೆ. ಕುಂತ್ರ ಎಲ್ಲಾ ಸರಿ ಹೋತು.

ನಮ್ಮಜ್ಜಿ ಅಡಿಗಿ ಮಾಡುಮುಂದ ಎದ್ದಿದ್ದು ನಾ ನೋಡೇ ಇಲ್ಲ. ಎಡಗೈ ಚಾಚಿದ್ರ ಜೋಳದ ಹಿಟ್ಟಿನ ಡಬ್ಬಿ, ಬಲಗೈಗೆ ಹಂಚು, ಬೆನ್ನ ಹಿಂದ ನೀರಿನ ಕೊಡ, ತಲಿ ಮ್ಯಾಲೆ ನೆಲುವಿನ್ಯಾಗ ಬೆಣ್ಣಿ ಗಡಿಗಿ ಬೆಕ್ಕಿಗೆ ಸಿಗಬಾರದಂತ, ಅದೊಂದಕ್ಕ ಮಾತ್ರ ನಮ್ಮನ್ನ ಕರೀತಿದ್ಲು, ನಾವೂ ಅದಕ್ಕ ಕಾಯ್ತಿದ್ವಿ ಅನ್ರಿ. ಎಸರು ಕುದಿಸಿ ಹಿಟ್ಟಿಗೆ ಹಾಕಿ ನಾದಾಕಿ, ಜೋಳದ ಹಿಟ್ಟಿಗೆ ಗೋದಿ ಹಿಟ್ಟಿನಂಗ ಜಿಗಿ ಇರಂಗಿಲ್ಲ, ಬಿಸಿನೀರು ಬೀಳಲಿಲ್ಲಂದ್ರ ರೊಟ್ಟಿ ಅಂಚು ಸೀಳತಾವ. ಹಂಚಿಗೆ ಹಾಕಿ, ಒದ್ದಿ ಬಟ್ಟಿಲೆ ಮ್ಯಾಲೆ ನೀರು ಸವರಿ, ತಿರುವಿ, ಕೊನಿಗೆ ಒಲಿ ಬಾಯಾಗ ಕೆಂಡದ ಎದುರಿಗೆ ನಿಲ್ಲಿಸಿದ್ರ ಬುಸ್ ಅಂತ ಉಬ್ಬತಿತ್ತು. ಅಷ್ಟೊತ್ತಿಗೆ ಬಾಜೂಕ ಕೋಡೊಲಿ ಮ್ಯಾಲೆ ಸಾರು ಕುದೀತಿತ್ತು, ಅದಕ್ಕ ಬ್ಯಾರೆ ಕಟಗಿ ಇಲ್ಲ, ದೊಡ್ಡ ಒಲಿ ಉರಿನೇ ಒಳಗಿಂದ ಹಾದು ಹೋಗೋದು. ಹತ್ತಿಕಟಗಿ ಭಗ್ಗಂತ ಹತ್ತಿ ಆರತಾವ, ಬಳ್ಳಾರಿ ಜಾಲಿ ಕೆಂಡ ಭಾಳೊತ್ತು ನಿಲ್ಲತೈತಿ, ಯಾವುದಕ್ಕ ಯಾವುದು ಅಂತ ಆಕಿಗೆ ಕೈಗೇ ಗೊತ್ತಿತ್ತು.

ಕೊಪ್ಪಳದ ಗವಿಮಠದ ಜಾತ್ರಿ ಜನವರಿಯೊಳಗ ಬಂತಂದ್ರ ಮುಗೀತು, ಓಣಿ ಹೆಣ್ಮಕ್ಕಳೆಲ್ಲಾ ನಮ್ಮ ಅಡಿಗಿಮನ್ಯಾಗೇ. ಆ ಜಾತ್ರಿ ದಾಸೋಹಕ್ಕ ಸುತ್ತಿನ ಊರಿಂದ ಲಕ್ಷಗಟ್ಟಲೆ ರೊಟ್ಟಿ ಹೋಗತಾವ ಅಂತ ಪೇಪರಿನವ್ರು ಫೋಟೋ ಹಾಕತಾರ, ಆ ಫೋಟೋದಾಗ ಕಾಣಲಾರದ್ದು ಈ ಥರದ ಅಡಿಗಿಮನಿ. ಐದಾರು ಮಂದಿ ಗುಂಡಾಗಿ ಕುಂತು ಪಟ ಪಟ ಬಡೀತಿದ್ರ ಮಾತು, ನಗಿ, ಯಾರ ಸೊಸಿ ಹೆಂಗ ಅನ್ನೋದು ಎಲ್ಲಾ ರೊಟ್ಟಿ ಜೋಡಿನೇ ಕಡಕ್ ಆಗತಿತ್ತು. ನಿಂತು ಮಾಡೋ ಕಟ್ಟಿ ಮ್ಯಾಲೆ ಐದು ಮಂದಿ ಹೆಂಗ ನಿಲ್ಲತೀರಿ ಹೇಳ್ರಿ.

ಗ್ಯಾಸ್ ಬಂದಾಗ ಅಪ್ಪ ಕಡಪ ಕಲ್ಲಿನ ಕಟ್ಟಿ ಕಟ್ಟಿಸಿದ. ಅಜ್ಜಿ ಸ್ಟೋವ್ ಎತ್ತಿ ಕೆಳಗ ಇಟ್ಟುಬಿಟ್ಲು! ಸಿಲಿಂಡರ್ ತಂದಾಂವ "ಅಮ್ಮಾ, ಸಿಲಿಂಡರಿಗಿಂತ ಸ್ಟೋವ್ ಮ್ಯಾಲಿರಬೇಕು" ಅಂತ ಬೈದ. ಅಂವ ಹೇಳಿದ್ದು ಖರೇನ, ಆದ್ರ ಅಜ್ಜಿ "ಅಂವಗ ರೊಟ್ಟಿ ಬಡಿಯಾಕ ಬರತೈತೇನು ಕೇಳು" ಅಂದ್ಲು. ಕಡೀಗೆ ಚಾ ಕಟ್ಟಿ ಮ್ಯಾಲೆ, ರೊಟ್ಟಿ ನೆಲದ ಮ್ಯಾಲೆ ಅಂತ ರಾಜಿ ಆತು.

ನಾ ಇದನ್ನೆಲ್ಲಾ ಚಂದ ಮಾಡಿ ಹೇಳಾಕತ್ತಿದ್ರ ಅವ್ವ ಅಲ್ಲೇ ಬಾಗಿಲದಾಗ ಕುಂತಿದ್ಲು. "ನಿನಗೇನು, ತಿಂದು ಹೋಗಾಂವ. ಹೊಗಿ ಕುಡದಾಕಿ ನಾನು, ಕಣ್ಣು ನೋಡಿಲ್ಲಿ" ಅಂದ್ಲು. ಅವ್ವಗ ಆ ಕಟ್ಟಿ ಅಂದ್ರ ಪ್ರಾಣ. ಸೊಂಟ ಬಗ್ಗಿಸಿ ಊದುಗೊಳವಿ ಊದೋದು ತಪ್ಪಿದ್ದೇ ಆಕಿಗೆ ದೊಡ್ಡದು, ನಾ ಸುಮ್ಮನಾದೆ.

ಒಂದು ವಿಷಯದಾಗ ಮಾತ್ರ ಅವ್ವ, ಅಜ್ಜಿ ಇಬ್ರದೂ ಒಂದೇ ಮಾತು, ಮಾಳಿಗಿ, ಅಂದ್ರ ಈ ಮಣ್ಣಿನ ಚಾವಣಿ, ಕೆಡವಬಾರದು. ಜಂತಿ, ಅದರ ಮ್ಯಾಲೆ ಕಟಗಿ, ಅದರ ಮ್ಯಾಲೆ ಮಣ್ಣು, ಮಳಿಗಾಲಕ್ಕ ಮುಂಚೆ ಸವಳು ಮಣ್ಣು ಹಾಕಿ ತುಳೀಬೇಕು, ಆ ಮಣ್ಣು ನೀರು ಬಿದ್ರ ಮೆತ್ತಿಕೊಂಡು ಸಂದಿ ಮುಚ್ಚತೈತಿ. ಕೆಲಸ ಐತಿ, ಇಲ್ಲ ಅನ್ನಂಗಿಲ್ಲ. ಆದ್ರ ಮೇ ತಿಂಗಳ 40 ಡಿಗ್ರಿ ಬಿಸಲಾಗ ನಮ್ಮ ಕಾಕಾನ ಆರ್‌ಸಿಸಿ ಮನಿಯವರೂ ಮಧ್ಯಾಹ್ನ ಬಂದು ಇಲ್ಲೇ ಮಲಗತಾರ. ಮಾಳಿಗಿ ನಡುವ ಬೆಳಕಿಂಡಿ, ಬಿಸಲಿನ ಕೋಲು ಒಳಗ ಇಳದು ಒರಳಿನ ಹತ್ರ ಬಂತಂದ್ರ ಅಜ್ಜಿ ಎಸರಿಡತಿದ್ಲು, ಗಡಿಯಾರ ನೋಡತಿರಲಿಲ್ಲ. ಹೊಗಿ ಹೋಗೋದೂ ಅಲ್ಲಿಂದನ, ಹೋದಷ್ಟು.

ಮಳಿ ಬಂದ್ರ ಅದನ್ನ ಮುಚ್ಚೋದು ನನ್ನ ಡ್ಯೂಟಿ. ಏಣಿ ಹತ್ತಿ ಬಾಯಿ ಒಡದ ಗಡಿಗಿ ಬೋರಲು ಹಾಕಬೇಕು. ಒಮ್ಮೆ ಗೋಲಿ ಆಡಕೋತ ತಡ ಮಾಡಿದ್ದಕ್ಕ ಪುಂಡಿಪಲ್ಯದ ಗಡಿಗ್ಯಾಗ ನೀರು ಬಿದ್ದು, ಅವತ್ತು ಮನಿ ಮಂದಿಯೆಲ್ಲಾ ನನ್ನ ಮುಖ ನೋಡಕೋತ ಆ ನೀರು ಪಲ್ಯ ಉಂಡ್ರು.

ಈ ಸಲಾನೂ ಸಂಜಿಕೆ ಮಾಡ ಕಟ್ಟಿತ್ತು. ನಾಕು ಹನಿ ಬಿದ್ದಿದ್ದೇ ತಡ, ಒಳಗಿಂದ ಅವ್ವ ನನ್ನ ಹೆಸರು ಹಿಡದು ಕೂಗಿದ್ಲು. ಮಗಳು ನಗಾಕತ್ತಿದ್ಲು, ನಾ ಏಣಿ ಹತ್ತಿದೆ, ಮೂರನೇ ಮೆಟ್ಟಲಕ್ಕ ಮಂಡಿ ಕಟ್ ಅಂತು.