ತಳದ ಅಕ್ಷರ ಓದದೆ ಲೇತ್ ತಿರುಗಿಸಬೇಡಿ

ಚಿಕ್ಕಮಗಳೂರಿನಲ್ಲಿ ನಮ್ಮದು ಲೇತ್ ವರ್ಕ್‌ಶಾಪ್. ಕಾಫಿ ಕುಯ್ಲು ಶುರುವಾದರೆ ಎಸ್ಟೇಟಿನವರ ಪಲ್ಪರ್ (ಕಾಫಿ ಹಣ್ಣಿನ ಸಿಪ್ಪೆ ಸುಲಿಯೋ ಮಷಿನ್), ಪಂಪಿನ ಶಾಫ್ಟು, ಬುಶ್ಶು ಇದರಲ್ಲೇ ದಿನ ಮುಗಿಯುತ್ತೆ. ಮಳೆಗಾಲದಲ್ಲಿ ಆ ಕೆಲಸ ಇಳಿಯುತ್ತೆ. ಆಗ ನಾವು ಕೈಗೆತ್ತಿಕೊಳ್ಳೋದು ಸಿನಿಮಾದಲ್ಲಿ ಬಳಸಿದ ವಸ್ತುಗಳ ನಕಲು. ಬೆಂಗಳೂರಿನ ಸಂಗ್ರಹಕಾರರು ಹಳೇ ಬಿಡಿಭಾಗ ಕಳಿಸ್ತಾರೆ, ಅದು ಯಾವ ಕಾಲದ್ದು, ಯಾವ ಮಾದರಿ ಅಂತ ನೋಡಿ ಅಳತೆ ತೆಗೆದು ಅದೇ ಥರದ್ದು ಮಾಡಿಕೊಡಬೇಕು. ಈ ಕೆಲಸಕ್ಕೆ ಹೊಸದಾಗಿ ಸೇರುವ ಹುಡುಗರಿಗೆ ನಾನು ಮೊದಲು ಕಲಿಸೋದು ಲೇತ್ ಅಲ್ಲ, ನೋಡೋದನ್ನ.

ಅತಿ ಹೆಚ್ಚು ಬರುವ ಆರ್ಡರ್ 1977ರ ‘ಸ್ಟಾರ್ ವಾರ್ಸ್’ ನಾಯಕನ ಬೆಳಕಿನ ಕತ್ತಿಯ ಹಿಡಿಕೆ. ಅದನ್ನ ಯಾರೂ ಕಾಗದದ ಮೇಲೆ ಬರೆದು ಎರಕ ಹೊಯ್ದು ಮಾಡಿದ್ದಲ್ಲ. ಸೆಟ್ ಅಲಂಕಾರ ನೋಡಿಕೊಳ್ತಿದ್ದ ರೋಜರ್ ಕ್ರಿಶ್ಚಿಯನ್‌ಗೆ ಲಂಡನ್‌ನ ಕ್ಯಾಮೆರಾ ಅಂಗಡಿಯೊಂದರಲ್ಲಿ ಸಿಕ್ಕಿದ ಹಳೇ ಫ್ಲ್ಯಾಶ್ ಹಿಡಿಕೆ ಅದು. ಅಮೆರಿಕದ ರಾಚೆಸ್ಟರ್ ಊರಿನ ಗ್ರಾಫ್ಲೆಕ್ಸ್ ಕಂಪನಿಯದು. ಆ ಕಾಲದ ಪತ್ರಿಕಾ ಛಾಯಾಗ್ರಾಹಕರ ದೊಡ್ಡ ಕ್ಯಾಮೆರಾದ ಪಕ್ಕಕ್ಕೆ ಸಿಕ್ಕಿಸುತ್ತಿದ್ದ, ಒಳಗೆ ಮೂರು ದಪ್ಪ ಟಾರ್ಚ್ ಸೆಲ್ ಹಿಡಿಯುವ ಕೊಳವೆ. ಅದಕ್ಕೆ ಕಪ್ಪು ಪ್ಲಾಸ್ಟಿಕ್ ಪಟ್ಟಿ ಅಂಟಿಸಿ, ಕೊಳವೆಯನ್ನ ಸುತ್ತಿ ಹಿಡಿಯೋ ಕ್ಲಾಂಪಿನಲ್ಲಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಕ್ಯಾಲ್ಕುಲೇಟರಿನ ಗುಳ್ಳೆ ಗುಳ್ಳೆ ಮಸೂರದ ಪಟ್ಟಿ ಕೂರಿಸಿ, ಸೊಂಟಕ್ಕೆ ನೇತುಹಾಕಲು ತಳದಲ್ಲಿ ಉಂಗುರ ಹಾಕಿದರು. ಆ ಚಿತ್ರದ ಸೆಟ್ ವಿಭಾಗಕ್ಕೆ ಆಸ್ಕರ್ ಬಂತು, ಕ್ರಿಶ್ಚಿಯನ್ ಕೂಡ ಅದರಲ್ಲಿ ಪಾಲುದಾರ. ಕೈಗೆ ಸಿಕ್ಕ ಸಾಮಾನಿನಲ್ಲೇ ಅಂಥ ವಸ್ತು ಹುಟ್ಟಿಸಿದವರ ಬಗ್ಗೆ ನನಗೆ ತುಂಬಾ ಗೌರವ.

ತೊಡಕು ಶುರುವಾಗೋದು ಇಲ್ಲೇ. ಅಸಲಿ ಅನ್ನೋದೇ ಕಾರ್ಖಾನೆಯ ಮಾಲು, ವರ್ಷಗಟ್ಟಲೆ ತಯಾರಾದದ್ದು. ನಡುವೆ ಕಂಪನಿ ಹೆಸರು ಬದಲಾಗಿದೆ, ಅಚ್ಚು ಬದಲಾಗಿದೆ, ಸಣ್ಣಪುಟ್ಟ ಭಾಗಗಳೂ ಬದಲಾಗಿವೆ. ‘ಗ್ರಾಫ್ಲೆಕ್ಸ್ ಹಿಡಿಕೆ ಮಾಡಿಕೊಡಿ’ ಅಂದರೆ ಸಾಲದು. ಯಾವ ಗ್ರಾಫ್ಲೆಕ್ಸ್?

ಹಾಗಾಗಿ ಪಾರ್ಸೆಲ್ ಬಿಚ್ಚಿದ ತಕ್ಷಣ ನಾನು ತಿರುಗಿಸಿ ತಳ ನೋಡ್ತೀನಿ. ಕಂಪನಿಯ ಹೆಸರು ಅಲ್ಲಿರುತ್ತೆ. 1945ರವರೆಗೆ ಅದು ಫೋಲ್ಮರ್ ಗ್ರಾಫ್ಲೆಕ್ಸ್ ಕಾರ್ಪೊರೇಷನ್, ಆಮೇಲೆ ಗ್ರಾಫ್ಲೆಕ್ಸ್ ಇಂಕ್. ಅಂದರೆ ಬರೀ ಹೆಸರು ಓದಿದರೇ ಆ ತಳ 1945ರ ಆಚೆಯದೋ ಈಚೆಯದೋ ಹೆಚ್ಚುಕಮ್ಮಿ ತಿಳಿಯುತ್ತೆ. ಪೇಟೆಂಟ್ ಅರ್ಜಿ ಹಾಕಿದೆ ಅಂತಿದ್ದರೆ ಒಂದು, ಪೇಟೆಂಟ್ ನಂಬರೇ ಇದ್ದರೆ ಇನ್ನೊಂದು. ನಂಬರ್ ಇದ್ದರೆ ಆ ಪೇಟೆಂಟ್ ಸಿಕ್ಕ ವರ್ಷಕ್ಕಿಂತ ಹಳೆಯದಲ್ಲ ಅಂತ ಮಾತ್ರ ಹೇಳಬಹುದು. ಅದೇ ವರ್ಷದ್ದು ಅಂತ ಹೇಳೋ ಹಾಗಿಲ್ಲ, ನಂಬರ್ ಒಮ್ಮೆ ಬಂದ ಮೇಲೆ ಹಾಗೇ ಮುಂದುವರೀತಾ ಹೋಗುತ್ತೆ.

ಎಷ್ಟೋ ಸಲ ಅಚ್ಚು ಸವೆದು ಬರಿಗಣ್ಣಿಗೆ ಕಾಣೋದಿಲ್ಲ. ಆಗ ಲೈಟ್ ಆರಿಸಿ, ಟಾರ್ಚನ್ನ ತಳಕ್ಕೆ ಸಮವಾಗಿ ಮಲಗಿಸಿ ಹಿಡೀಬೇಕು. ಮೇಲಿನಿಂದ ಬಿಟ್ಟರೆ ಪ್ಲೇಟಿಂಗ್, ಅಂದರೆ ಮೇಲಿನ ಲೋಹದ ಲೇಪ, ಹೊಳೆದು ಕಣ್ಣಿಗೇ ಹೊಡೆಯುತ್ತೆ. ಪಕ್ಕದಿಂದ ಬಿಟ್ಟರೆ ಪ್ರತಿ ಅಕ್ಷರದ ಅಂಚಿಗೂ ನೆರಳು ಬೀಳುತ್ತೆ. ಅದರಲ್ಲೂ ಕಾಣದಿದ್ದರೆ ಟ್ರೇಸಿಂಗ್ ಕಾಗದ ಇಟ್ಟು ಮೆತ್ತನೆ ಪೆನ್ಸಿಲ್ ಉಜ್ಜಿದರೆ ಅರ್ಧ ಅಳಿಸಿದ ಅಕ್ಷರವೂ ಕಾಗದದ ಮೇಲೆ ಏಳುತ್ತೆ. ಆ ಕಾಗದವನ್ನ ಆ ಆರ್ಡರಿನ ವಿವರ ಬರೆದಿಡೋ ಜಾಬ್ ಕಾರ್ಡಿಗೆ ಪಿನ್ ಮಾಡಿ ಇಡ್ತೀವಿ.

ಇಲ್ಲಿ ಹೊಸಬರು ಅವಸರ ಮಾಡ್ತಾರೆ. ತಳ 1945ಕ್ಕಿಂತ ಹಿಂದಿನದು, ಹಾಗಾದರೆ ಇಡೀ ಹಿಡಿಕೆ ಹಿಂದಿನದು ಅಂತ ಬರೆದುಬಿಡ್ತಾರೆ. ತಳ ಹೇಳೋದು ತಳದ ಕಥೆ ಮಾತ್ರ. ಮೇಲಿನ ಭಾಗ ಬಿಚ್ಚಿ ಬರುತ್ತೆ, ಕ್ಲಾಂಪಂತೂ ಸಡಿಲಿಸಿದರೆ ಜಾರಿ ಬರುತ್ತೆ. ಸ್ಟುಡಿಯೋದಲ್ಲಿ ದುಡಿದ ಸಾಮಾನು ಅದು, ಒಂದರ ಕ್ಲಾಂಪ್ ಇನ್ನೊಂದಕ್ಕೆ ಹೋಗೋದು ಸಹಜ. ಅದೇ ಸಿನಿಮಾದಲ್ಲಿ ವೃದ್ಧ ಗುರು ಹಿಡಿದ ಕತ್ತಿಯನ್ನೇ ನೋಡಿ: ರೋಲ್ಸ್ ರಾಯ್ಸ್ ಡರ್ವೆಂಟ್ ಜೆಟ್ ಎಂಜಿನಿನ ಪೈಪಿನ ತುಂಡು, ಮೊದಲ ಮಹಾಯುದ್ಧದ ಗ್ರೆನೇಡಿನ ಭಾಗ, ನೀರಿನ ನಲ್ಲಿಯ ಹಿಡಿ, ಅದರ ಮೇಲೆ ಗ್ರಾಫ್ಲೆಕ್ಸ್ ಕ್ಲಾಂಪ್. ಸಿನಿಮಾದವರೇ ಕ್ಲಾಂಪ್ ಬಿಚ್ಚಿ ಬೇರೆ ಮೈಗೆ ಹಾಕಿದ್ದಾರೆ ಅಂದಮೇಲೆ ಮಿಕ್ಕವರು ಹಾಕದೆ ಇರ್ತಾರಾ? ನಮ್ಮ ಕಾರ್ಡಿನಲ್ಲಿ ತಳ, ಕೊಳವೆ, ಕ್ಲಾಂಪ್, ಮೇಲ್ಭಾಗ ನಾಲ್ಕಕ್ಕೂ ಬೇರೆ ಬೇರೆ ಸಾಲು.

ಸ್ಕ್ರೂ ಬದಲಾಗಿದೆಯಾ ಅನ್ನೋದನ್ನ ಪತ್ತೆ ಮಾಡಲು ನನಗೆ ನೆರವಾಗಿದ್ದು ಕಾಫಿ ಪಲ್ಪರೇ. ಎಸ್ಟೇಟುಗಳಲ್ಲಿರುವ ಬ್ರಿಟಿಷರ ಕಾಲದ ಮಷಿನ್‌ಗಳದ್ದು ವಿಟ್ವರ್ತ್ ಅನ್ನೋ ಹಳೇ ಬ್ರಿಟಿಷ್ ಮಾದರಿಯ ಥ್ರೆಡ್ (ಸ್ಕ್ರೂವಿನ ಸುರುಳಿ ಹಲ್ಲು), ಹಲ್ಲಿನ ಕೋನ 55 ಡಿಗ್ರಿ. ಅಮೆರಿಕದ ಥ್ರೆಡ್ಡಿನದು 60, ಮೆಟ್ರಿಕ್‌ದೂ 60. ಕಾಲಿಂಚಿನ ವಿಟ್ವರ್ತ್‌ಗೂ ಕಾಲಿಂಚಿನ ಅಮೆರಿಕನ್ ಒರಟು ಥ್ರೆಡ್ಡಿಗೂ ಇಂಚಿಗೆ 20 ಹಲ್ಲು. ಒಂದರಲ್ಲಿ ಒಂದು ಸಲೀಸಾಗಿ ಕೂತುಬಿಡುತ್ತೆ. ಹಲ್ಲು ಎಣಿಸಿ ಸರಿ ಇದೆ ಅಂದುಕೊಂಡರೆ ತಪ್ಪಿತು. ಥ್ರೆಡ್ ಅಳೆಯೋ ಗೇಜನ್ನ ಹಲ್ಲಿಗೆ ಕೂರಿಸಿ ಬೆಳಕಿಗೆ ಹಿಡಿದು ಹಲ್ಲಿನ ಪಕ್ಕದಲ್ಲಿ ಸಂದು ಕಾಣುತ್ತಾ ನೋಡಬೇಕು. ಅಮೆರಿಕದ ಹಿಡಿಕೆಯಲ್ಲಿ 55 ಡಿಗ್ರಿ ಸ್ಕ್ರೂ ಕಂಡರೆ ಆಮೇಲೆ ಯಾರೋ ಹಾಕಿದ್ದು ಅಂತಲೇ ನಾನು ಬರೆಯೋದು.

ಇನ್ನು ಮೈಮೇಲಿನ ತೂತುಗಳು. ಇದು ಕಾರ್ಖಾನೆಯಲ್ಲೇ ಕೊರೆದದ್ದಾ, ಆಮೇಲಿನದಾ? ಕೊಳವೆ ಹಿತ್ತಾಳೆಯದು, ಮೇಲೆ ಬಿಳಿ ಪ್ಲೇಟಿಂಗ್. ಪ್ಲೇಟಿಂಗ್‌ಗೆ ಮುಂಚೆ ಕೊರೆದ ತೂತಿನ ಅಂಚಿಗೂ ಬಿಳಿ ಹತ್ತಿರುತ್ತೆ. ಆಮೇಲೆ ಡ್ರಿಲ್ ಹಾಕಿದ್ದರೆ ಅಂಚಿನಲ್ಲಿ ಹಳದಿ ಗೆರೆ ಕಾಣುತ್ತೆ. ಹತ್ತರಷ್ಟು ದೊಡ್ಡದು ಮಾಡೋ ಭೂತಗನ್ನಡಿಯಲ್ಲಿ ಸ್ಪಷ್ಟವಾಗಿ ಸಿಗುತ್ತೆ. ಕಾರ್ಖಾನೆಯ ಬದಲಾವಣೆ ಆದರೆ ಅದೇ ತೂತು ಅದೇ ಜಾಗದಲ್ಲಿ ಬೇರೆ ಹಿಡಿಕೆಗಳಲ್ಲೂ ಇರಲೇಬೇಕು. ಒಂದರಲ್ಲೇ ಇದ್ದರೆ ಅದು ಆ ಹಿಡಿಕೆಯ ಸ್ವಂತ ಚರಿತ್ರೆ.

ಅದಕ್ಕೇ ಪಾಲಿಶ್ ವಿಷಯದಲ್ಲಿ ನಾನು ಬಹಳ ಬಿಗಿ. ‘ಅಣ್ಣ, ಒಂದ್ಸಲ ಬಫ್ ಹೊಡೆದು ಕೊಡ್ಲಾ, ಚೆನ್ನಾಗಿ ಕಾಣ್ಸುತ್ತೆ’ ಅಂತ ಹುಡುಗರು ಪ್ರೀತಿಯಿಂದಲೇ ಕೇಳ್ತಾರೆ. ಬೇಡ. ಬಫ್ ಚಕ್ರ ಮೊದಲು ತಿನ್ನೋದು ಅಚ್ಚಿನ ಅಂಚನ್ನ, ಆಮೇಲೆ ತೂತಿನ ಸುತ್ತಲಿನ ಪ್ಲೇಟಿಂಗನ್ನ. ನಮಗೆ ಬೇಕಾದ ಎರಡು ಗುರುತೂ ಅಲ್ಲಿಗೆ ಹೋಯ್ತು. ಸೆಲ್ ಸೋರಿ ಒಳಗೆ ಹಿಡಿದ ಹಸಿರು ಪಾಚಿಯಂಥದನ್ನೂ ಫೋಟೋ ತೆಗೆದ ಮೇಲಷ್ಟೇ ಮುಟ್ಟಬೇಕು.

ಗಿರಾಕಿಯ ಕಡೆಯಿಂದಲೂ ಒಂದು ಉತ್ತರ ಬೇಕು: ಯಾವ ಸಿನಿಮಾದ್ದು? 1977ರದರಲ್ಲಿ ಕ್ಲಾಂಪಿನೊಳಗೆ ಕ್ಯಾಲ್ಕುಲೇಟರ್ ಗುಳ್ಳೆ. 1980ರ ಮುಂದಿನ ಭಾಗದಲ್ಲಿ ಆ ಜಾಗದಲ್ಲಿ ಸರ್ಕ್ಯೂಟ್ ಬೋರ್ಡಿನ ಪಟ್ಟಿ. ಒಂದೇ ಸಿನಿಮಾಕ್ಕೂ ಒಂದಕ್ಕಿಂತ ಹೆಚ್ಚು ಹಿಡಿಕೆ ಮಾಡಿರ್ತಾರೆ, ಆದ್ದರಿಂದ ಎರಡು ಫೋಟೋ ಹೊಂದದಿದ್ದರೆ ಒಂದು ಸುಳ್ಳು ಅಂತ ತೀರ್ಮಾನಿಸಬೇಡಿ. ಯಾವ ಫೋಟೋದ ಪ್ರಕಾರ ಮಾಡಬೇಕು ಅಂತ ಬರವಣಿಗೆಯಲ್ಲಿ ತರಿಸಿಕೊಳ್ಳಿ. 1977ರ ಚಿತ್ರದ ಖಳನಾಯಕನ ಕತ್ತಿಯಂತೂ ಗ್ರಾಫ್ಲೆಕ್ಸೇ ಅಲ್ಲ, ಬ್ರಿಟನ್‌ನ ಎಂಪಿಪಿ ಕಂಪನಿಯ ಫ್ಲ್ಯಾಶ್. ಅದರ ಅಳತೆ ಇದಕ್ಕೆ ಹಚ್ಚೋ ಹಾಗಿಲ್ಲ.

ಎರಡು ಸೆಲ್ಲಿನ ಗಿಡ್ಡ ಕೊಳವೆಯನ್ನ ಮೂರು ಸೆಲ್ಲಿನದು ಅಂತ ಮಾರುವವರೂ ಇದ್ದಾರೆ. ದಪ್ಪ ಸೆಲ್ ಒಂದರ ಉದ್ದ ಸುಮಾರು 61 ಮಿಲಿಮೀಟರ್. ಮೂರು ಹಾಕಿ ನೋಡಿದರೆ ಮುಗೀತು. ಅಸಲಿಯಿಂದ ಅಚ್ಚು ತೆಗೆದು ರೆಸಿನ್ ಹೊಯ್ದ ತುಂಡಾದರೆ ಅಸಲಿಗಿಂತ ಕೂದಲೆಳೆಯಷ್ಟು ಕುಗ್ಗಿರುತ್ತೆ, ಸೂಕ್ಷ್ಮ ಅಳತೆಯ ವರ್ನಿಯರ್‌ಗೆ ಸಿಕ್ಕಿಬೀಳುತ್ತೆ. ಅಂಥ ತುಂಡಿನಿಂದ ನಾವು ಅಳತೆ ತೆಗೆಯಲ್ಲ. ಅದೇ ಸಿನಿಮಾದ ಸೈನಿಕರ ಬಂದೂಕು ಕೇಳಿಕೊಂಡು ಬರ್ತಾರೆ. ಅದು ಸ್ಟರ್ಲಿಂಗ್, ನಿಜವಾದ ಶಸ್ತ್ರ, ನಮ್ಮ ಕಾನ್ಪುರದಲ್ಲೂ ಅದೇ ಮಾದರಿ ತಯಾರಾಗ್ತಿತ್ತು. ಅದರ ಯಾವ ಭಾಗವನ್ನೂ ನಮ್ಮ ಲೇತಿಗೆ ಏರಿಸೋದಿಲ್ಲ.

ಎಸ್ಟೇಟ್ ಬಂಗಲೆಯಲ್ಲೋ ಹಳೇ ಸ್ಟುಡಿಯೋ ಅಟ್ಟದಲ್ಲೋ ಕ್ಯಾಮೆರಾ ಪೆಟ್ಟಿಗೆ ಇದ್ದರೆ ಒಂದು ಕೋರಿಕೆ. ಬ್ರಾಸೋ ಹಚ್ಚಬೇಡಿ, ಎಮರಿ ಪೇಪರ್ ಮುಟ್ಟಿಸಬೇಡಿ. ಫ್ಲ್ಯಾಶ್ ಹಿಡಿಕೆ ಸಿಕ್ಕರೆ ಒಳಗಿನ ಸೆಲ್ ಹೊರಗೆ ತೆಗೆದು, ತಳದ ಫೋಟೋ ಪಕ್ಕದ ಬೆಳಕಿನಲ್ಲಿ ತೆಗೆದು, ಬೇರೇನೂ ಬಿಚ್ಚದೆ ಹಾಗೇ ಬಟ್ಟೆಯಲ್ಲಿ ಸುತ್ತಿ ತನ್ನಿ. ಮಿಕ್ಕಿದ್ದನ್ನ ಮೇಜಿನ ಮೇಲೆ ಇಟ್ಟುಕೊಂಡು ನಿಮ್ಮೆದುರೇ ನೋಡೋಣ.